ಸ್ಪಷ್ಟನೆ: ಲಾಂಗ್ ಡಬಲ್ ಎಲ್ಲ ಕಡೆ 128 ಬಿಟ್ ಅಲ್ಲ

"ಸಿ ಭಾಷೆಯಲ್ಲಿ ಸೈಜ್‌ಆಫ್ ಲಾಂಗ್ ಡಬಲ್ 16 ಬೈಟ್ ತೋರಿಸುತ್ತದೆ, ಹಾಗಾಗಿ 33 ಅಂಕಿಗಳಷ್ಟು ನಿಖರತೆ ಖಚಿತ" ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಲಾಂಗ್ ಡಬಲ್, ಡಬಲ್ ಎರಡೂ ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದಶಮಾಂಶ ಸಂಖ್ಯೆ ಇಡುವ ಬಗೆಗಳು; ಸೈಜ್‌ಆಫ್ ಹೇಳುವುದು ಅವು ಮೆಮೊರಿಯಲ್ಲಿ ಹಿಡಿಯುವ ಜಾಗವನ್ನಷ್ಟೇ (1 ಬೈಟ್ ಅಂದರೆ 8 ಬಿಟ್).

64 ಬಿಟ್ ಇಂಟೆಲ್, ಎಎಂಡಿ ಲಿನಕ್ಸ್‌ನಲ್ಲಿ 16 ಬೈಟ್ ಜಾಗ ಹೋಗುವುದು ನಿಜ. ಆದರೆ ಅದರಲ್ಲಿ ಸಂಖ್ಯೆ ಇರುವುದು 80 ಬಿಟ್ ಮಾತ್ರ. ಉಳಿದ 6 ಬೈಟ್ ಸುಮ್ನೆ ಖಾಲಿ, ಮೆಮೊರಿಯಲ್ಲಿ ಸಾಲಾಗಿ ಕೂರಿಸಲು ಸೇರಿಸಿದ್ದು. ನಿಮಗೆ ಖಚಿತವಾಗಿ ಸಿಗುವುದು 18 ದಶಮಾಂಶ ಅಂಕಿ. ಡಬಲ್‌ನಲ್ಲಿ 15 ಸಿಗುತ್ತದೆ, ಅಂದರೆ ಅಂಥ ದೊಡ್ಡ ಲಾಭವೇನಲ್ಲ.

ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ಕಂಪೈಲರ್‌ನಲ್ಲಿ ಲಾಂಗ್ ಡಬಲ್ ಮತ್ತು ಡಬಲ್ ಎರಡೂ 64 ಬಿಟ್. ಆಪಲ್‌ನ ಎಂ ಸರಣಿಯ ಚಿಪ್‌ಗಳಲ್ಲೂ ಅಷ್ಟೇ. 64 ಬಿಟ್ ಆರ್ಮ್ ಲಿನಕ್ಸ್‌ನಂಥ ಕೆಲವು ಕಡೆ ನಿಜವಾದ 128 ಬಿಟ್ ಇದೆ, ಆದರೆ ಲೆಕ್ಕವೆಲ್ಲ ಸಾಫ್ಟ್‌ವೇರ್‌ನಲ್ಲಿ ನಡೆಯುವುದರಿಂದ ನಿಧಾನ ಜಾಸ್ತಿ. ಸಿ ಮಾನದಂಡ ಕೇಳುವುದು ಇಷ್ಟೇ: ಡಬಲ್‌ಗಿಂತ ಕಡಿಮೆ ಇರಬಾರದು.

ಅನುಮಾನವಿದ್ದರೆ ಸೈಜ್‌ಆಫ್ ನಂಬಬೇಡಿ. ಫ್ಲೋಟ್.ಎಚ್ (float.h) ಫೈಲಿನ ಎಲ್‌ಡಿಬಿಎಲ್_ಮ್ಯಾಂಟ್_ಡಿಗ್ (LDBL_MANT_DIG) ಪ್ರಿಂಟ್ ಮಾಡಿ ನೋಡಿ; ಸಂಖ್ಯೆಯ ಅಂಕಿಗಳಿಗೆ ಮಾತ್ರ ಎಷ್ಟು ಬಿಟ್ ಇದೆ ಎಂದು ಅದು ಹೇಳುತ್ತದೆ. 53 ಬಂದರೆ ಅದು ಡಬಲ್ಲೇ, 64 ಬಂದರೆ 80 ಬಿಟ್, 113 ಬಂದರೆ 128 ಬಿಟ್. ಇಂಟೆಲ್‌ನಲ್ಲೂ ಪೂರ್ತಿ 128 ಬೇಕೇ ಬೇಕು ಅಂದರೆ ಜಿಸಿಸಿ ಕಂಪೈಲರ್‌ನ ಕ್ವಾಡ್‌ಮ್ಯಾತ್ ಲೈಬ್ರರಿ ಇದೆ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.