ಬೈದವರಿಗೂ ಒಂದು ಪ್ರಶ್ನೆ ಕೇಳಿ ನೋಡಿ

ಬೇಡ್ತಿ-ವರದಾ ನದಿ ಜೋಡಣೆ ಬೇಡ ಅಂತ ಬರೆದಿದ್ದಕ್ಕೆ ‘ದುಡ್ಡು ತಿಂದವನು’ ಅಂತ ಬೈಸಿಕೊಂಡ ಶಿರಸಿಯ ಲೇಖಕರು ಯಾರಿಗೂ ತಿರುಗಿ ಬೈಯಲಿಲ್ಲ. ಅದನ್ನು ಅವರದೇ ಲೇಖನದಲ್ಲಿ ಓದಿ ಮನಸ್ಸು ತುಂಬಿ ಬಂತು.

ನಾನು ಕಾರವಾರದವಳು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ವಿರೋಧಿಸಿ ಇಲ್ಲಿನ ಮೀನುಗಾರರು ಬೀದಿಗಿಳಿದಾಗ, ಅವರ ಪರವಾಗಿ ಫೇಸ್‌ಬುಕ್ಕಿನಲ್ಲಿ ಬರೆದಿದ್ದೆ. ರಾತ್ರಿಯೊಳಗೆ ಬೈಗುಳದ ಮಳೆ. ಒಬ್ಬನಂತೂ ನನ್ನ ಮಗಳ ಫೋಟೋ ಹಾಕಿ ಬೆದರಿಸಿದ. ಕೈ ನಡುಗುತ್ತಿತ್ತು. ಅಮ್ಮ ಫೋನ್ ಕಸಿದುಕೊಂಡು, ‘ಊಟ ಮಾಡಿ ಮಲಗು, ನಾಳೆ ನೋಡು’ ಅಂದರು.

ಬೆಳಿಗ್ಗೆ ಜಾಸ್ತಿ ಬೈದಿದ್ದ ಒಬ್ಬರಿಗೆ ಬರೆದೆ: ‘ಅಣ್ಣಾ, ಬಂದರು ದೊಡ್ಡದಾದರೆ ನಿಮಗೇನು ಅನುಕೂಲ, ಹೇಳ್ತೀರಾ?’ ಅವರದ್ದೊಂದು ಲಾರಿ ಇತ್ತು. ಬಾಡಿಗೆ ಸಿಗದೆ ತಿಂಗಳಿಂದ ನಿಂತಿತ್ತು. ಮನೆಯಲ್ಲಿ ಸಾಲ. ಸಿಟ್ಟು ಅಲ್ಲಿಂದ ಬಂದಿತ್ತು, ಅಲ್ವಾ? ಇಬ್ಬರ ನಿಲುವೂ ಬದಲಾಗಲಿಲ್ಲ. ಆದರೆ ಆ ಬೈಗುಳವನ್ನು ಅವರೇ ಅಳಿಸಿದರು. ಈಗಲೂ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾರೆ.

ಲೇಖಕರೊಂದಿಗೆ ಒಂದು ಕಡೆ ಮಾತ್ರ ನನ್ನ ತಕರಾರಿದೆ. ಬೈಗುಳ ಸಹಿಸಿ, ಬೆದರಿಕೆ ಸಹಿಸಬೇಡಿ. ಆನ್‌ಲೈನ್‌ನಲ್ಲಿ ಕಿರಿಕಿರಿಯಾಗುವಂಥ ಬರಹಕ್ಕೂ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು, ಅದು ಒಳ್ಳೆಯದೇ. ಆದರೆ ಜೀವ ಬೆದರಿಕೆ ಇವತ್ತಿಗೂ ಅಪರಾಧ. ಅದಕ್ಕೆ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇದೆ. ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಮಗಳ ಫೋಟೋ ವಿಷಯದಲ್ಲಿ ನಾನೂ ಹಾಗೇ ಮಾಡಿದೆ.

ಸರ್, ನಿಮ್ಮ ಬೇಡ್ತಿಯೇ ಕೆಳಗಿಳಿದು ಗಂಗಾವಳಿಯಾಗಿ ನಮ್ಮ ಕಡಲು ಸೇರುವುದು. ಮುಂದಿನ ಲೇಖನದಲ್ಲಿ ಅಳಿವೆಯ ಮೀನುಗಾರರ ಬಗ್ಗೆಯೂ ಬರೆಯಿರಿ.