ಸಂಘದ ಲೆಕ್ಕ ಹುಡುಗರೇ ಬರೆಯಲಿ

ಮೈಸೂರಿನಲ್ಲಿ ನಾನು ಓದಿದ ಕಾಲೇಜಿನಲ್ಲಿ ಸಂಘಗಳಿಗೇನೂ ಬರ ಇರಲಿಲ್ಲ. ಉದ್ಘಾಟನೆಯಂತೂ ಜೋರು. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ದಿನಗಟ್ಟಲೆ ಚರ್ಚೆ. ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹುಡುಗಿಯರಿಗೆ ಪ್ರಾರ್ಥನೆ, ಹುಡುಗರಿಗೆ ಕುರ್ಚಿ ಹಾಕುವ ಕೆಲಸ. ಸಭೆ ತುಂಬದಿದ್ದರೆ ಫಸ್ಟ್ ಇಯರ್ ಕ್ಲಾಸ್ ಬಿಡಿಸಿ ತಂದು ಕೂರಿಸುತ್ತಿದ್ದರು. ವಂದನಾರ್ಪಣೆ ಆಯಿತೆಂದರೆ ಸಂಘದ ಆ ವರ್ಷದ ಕೆಲಸವೂ ಹೆಚ್ಚುಕಮ್ಮಿ ಆದಂತೆಯೇ.

ಈಗ ನಾನಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಇಲ್ಲಿನ ವಿಶ್ವವಿದ್ಯಾನಿಲಯ 1209ರದು. ಸಂಪ್ರದಾಯದ ಹುಚ್ಚು ಇವರಿಗೆ ನಮಗಿಂತ ಜಾಸ್ತಿ. ಆದರೆ ಸಂಘಗಳ ಯಜಮಾನಿಕೆ ಮಾತ್ರ ಹುಡುಗರದ್ದೇ. ಅಕ್ಟೋಬರಿನಲ್ಲಿ ಹೊಸಬರು ಬಂದ ಕೂಡಲೇ ಸಂಘಗಳ ಜಾತ್ರೆ. ಸೆಕೆಂಡ್ ಇಯರ್‌ನವರು ಮೇಜು ಹಾಕಿಕೊಂಡು ಸದಸ್ಯರನ್ನು ಹಿಡಿಯುತ್ತಾರೆ. ರೂಮು ಗೊತ್ತುಮಾಡುವುದು, ಅತಿಥಿಗೆ ಬರೆಯುವುದು, ಲೆಕ್ಕ ಒಪ್ಪಿಸಿ ಮುಂದಿನವರನ್ನು ಆರಿಸುವುದು, ಎಲ್ಲ ಅವರದೇ. ನೋಂದಾಯಿತ ಸಂಘಕ್ಕೆ ಹಿರಿಯ ಖಜಾಂಚಿ ಅಂತ ಒಬ್ಬ ಹಿರಿಯರು ಇರುತ್ತಾರೆ. ಅವರ ಕಣ್ಣೆಲ್ಲ ಲೆಕ್ಕದ ಮೇಲೆ, ವೇದಿಕೆಯ ಮೇಲಲ್ಲ. ಅಂಗೈಯಷ್ಟು ಸಮತಟ್ಟಾದ ಈ ಊರಲ್ಲಿ 1905ರಿಂದ ಪರ್ವತಾರೋಹಣ ಸಂಘವೂ ನಡೆದುಬಂದಿದೆ!

ಇಲ್ಲಿಯದೆಲ್ಲ ಚಿನ್ನ ಅಂತಲ್ಲ. 1815ರಲ್ಲಿ ಹುಟ್ಟಿದ ಕೇಂಬ್ರಿಡ್ಜ್ ಯೂನಿಯನ್ ಅನ್ನುವ ಚರ್ಚಾ ಸಂಘದ ಚರ್ಚೆ ಕೇಳಲು ಸಾಮಾನ್ಯವಾಗಿ ಸದಸ್ಯರಾಗಬೇಕು, ಅದರ ಶುಲ್ಕವೂ ಕಮ್ಮಿಯಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಶತಮಾನೋತ್ಸವ ಭವನದಲ್ಲಿ ಒಳ್ಳೆಯ ಭಾಷಣವಿದ್ದರೆ ದಾರಿಯಲ್ಲಿ ಹೋಗುವವರೂ ಸುಮ್ನೆ ಬಂದು ಕೂರಬಹುದು. ಈ ಧಾರಾಳತನ ನಮ್ಮದು, ಬಿಡಬಾರದು.

ಮೇಷ್ಟ್ರೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಶುರುವಾದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ಆ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು. ಬೆನ್ನಿಗೆ ನಿಂತವರು ಎ. ಆರ್. ಕೃಷ್ಣಶಾಸ್ತ್ರಿಗಳು, ಅವರೂ ಮೇಷ್ಟ್ರೇ. ಆದರೆ ಅಲ್ಲಿ ನಡೆದದ್ದು ಕೆಲಸ, ಸಮಾರಂಭವಲ್ಲ. ಮುಂದೆ ಆ ಪತ್ರಿಕೆಯನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು.

“ಹುಡುಗರ ಕೈಗೆ ದುಡ್ಡು ಕೊಟ್ಟರೆ ಗಲಾಟೆ ಆಗುತ್ತೆ ಸಾರ್” ಅನ್ನುವವರಿದ್ದಾರೆ. ಆಗಲಿ ಬಿಡಿ. ಅಡ್ಮಿಶನ್ ಹೊತ್ತಿನಲ್ಲಿ ಸಂಘದ ಫೀಸು ಕಟ್ಟಿದವರು ಅವರೇ ಅಲ್ವಾ? ಮೊದಲಿಗೆ ಒಂದೇ ಸಂಘ ಸಾಕು. ಚೆಕ್ಕಿಗೆ ಮೇಷ್ಟ್ರದೊಂದು ಸಹಿ, ವಿದ್ಯಾರ್ಥಿ ಖಜಾಂಚಿಯದೊಂದು ಸಹಿ ಇರಲಿ. ಪೇಟ, ಶಾಲಿನ ಖರ್ಚು ಬೇಕೋ ಬೇಡವೋ ಅವರೇ ಕೂತು ತೀರ್ಮಾನಿಸಲಿ. ವರ್ಷದ ಕೊನೆಗೆ ಪೂರ್ತಿ ಲೆಕ್ಕ ನೋಟಿಸ್ ಬೋರ್ಡಿಗೆ ಬರಲಿ.