ತುಳಸಿಕಟ್ಟೆವರೆಗೆ ಟೆಸ್ಟ್ ಡ್ರೈವ್

ನಮ್ಮ ಎದುರುಮನೆ ಅಂಕಲ್ ಒಂದು ಕಾರು ಮಾಡಿದ್ದಾರೆ. ‘ಕೊಂಡಿದ್ದಾರೆ’ ಅಂತ ಬರೆಯಲು ಹೋಗಿ ಕೈತಪ್ಪಿದ್ದಲ್ಲ. ಮಾಡಿದ್ದಾರೆ.

ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ರಿಟೈರ್ ಆದ ಮೇಲೆ ಅವರ ವಾರಿಗೆಯವರೆಲ್ಲ ಪಾರ್ಕಿಗೆ ಹೋಗಿ ಲಾಫಿಂಗ್ ಕ್ಲಬ್ಬಿನಲ್ಲಿ ಕೈಯೆತ್ತಿ ನಗುತ್ತಾರೆ. ಇವರು ಪೀಣ್ಯದಲ್ಲಿ ಚೌಕದ ಪೈಪು ಕತ್ತರಿಸಿ ತಂದು ಶೆಡ್ಡಿನಲ್ಲಿ ವೆಲ್ಡಿಂಗ್ ಹಿಡಿದು ಕೂತರು. ಮಾರುತಿ 800ರ 796 ಸಿಸಿ ಎಂಜಿನ್ ಶಿವಾಜಿನಗರದ ಗುಜರಿಯಿಂದ ಬಂತು. ಹೆಡ್‌ಲೈಟು, ವೈರು, ಹಾರ್ನು ಜೆ.ಸಿ. ರೋಡಿನಿಂದ. ಸೀಟಿನ ಸ್ಪಂಜು ಆಂಟಿಯ ಹಳೇ ಸೋಫಾದಿಂದ, ಆಂಟಿಯನ್ನು ಕೇಳದೆ. ಮೂರು ವರ್ಷ ಹಿಡಿಯಿತು.

ಒಂದು ಭಾನುವಾರ ಎಂಜಿನ್ ಗುರ್ ಅಂತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದೆವು. ಅಂಕಲ್ ಗೇಟು ತೆಗೆದರು. ಅಷ್ಟರಲ್ಲಿ ಮೇಲಿನ ಮನೆಯ ಲಾಯರು ಬಾಲ್ಕನಿಯಿಂದ ಬಗ್ಗಿ, “ಸಾರ್, ರಿಜಿಸ್ಟ್ರೇಷನ್?” ಅಂದರು. ಅಂಕಲ್ ಗೇಟು ಹಾಕಿದರು. ಆವತ್ತಿನಿಂದ ಆ ಗೇಟು ಹಾಲಿನವನಿಗೆ ತೆರೆಯುತ್ತದೆ, ಪೇಪರಿನವನಿಗೆ ತೆರೆಯುತ್ತದೆ, ಕಾರಿಗೆ ತೆರೆದಿಲ್ಲ.

ಲಾಯರು ಹೇಳಿದ್ದು ಸರಿ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ನೋಂದಣಿ ಬೇಕು ಅಂದರೆ 1989ರ ಕೇಂದ್ರ ನಿಯಮಗಳಲ್ಲಿ 126ನೆಯದು ಅಡ್ಡ ನಿಲ್ಲುತ್ತದೆ. ಹೊಸ ಮಾದರಿ ಪುಣೆ, ಮಾನೇಸರ, ಚೆನ್ನೈ ಹತ್ತಿರದ ಒರಗಡಂನಂಥ ಕಡೆ ಪರೀಕ್ಷೆಯಾಗಿ ಸರ್ಟಿಫಿಕೇಟು ಪಡೆಯಬೇಕು. ಅಲ್ಲಿಗೆ ಕಳಿಸುವ ಮುಂಚೆ ಬ್ರೇಕು ಹಿಡಿಯುತ್ತಾ, ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಾ ಅಂತ ಮಾಡಿದವನಿಗಾದರೂ ಗೊತ್ತಿರಬೇಕಲ್ವಾ? ಗೊತ್ತಾಗಲು ರಸ್ತೆಗಿಳಿಸಬೇಕು. ರಸ್ತೆಗಿಳಿಸಲು ನೋಂದಣಿ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಪಾಪ, ಅಜ್ಜಿ ಆರ್‌ಟಿಓ ಕಚೇರಿ ನೋಡಿರಲಿಲ್ಲ. ಸುಮ್ನೆ ಅಂದಾಜಿನಲ್ಲಿ ಹೇಳಿದ್ದು.

ಅಂಕಲ್ ಒಂದು ಆರ್‌ಟಿಓ ಕಚೇರಿಗೆ ಹೋದರು. ಜೊತೆಗೆ ನಾನು.

“ಯಾವ ಕಂಪನಿ ಗಾಡಿ?”

“ನಂದೇ.”

“ನಂದೇ ಅಂತ ಯಾವ ಕಂಪನೀನೂ ಇಲ್ವಲ್ಲ ಯಜಮಾನ್ರೇ.”

“ನಾನೇ ಮಾಡಿದ್ದು ಸ್ವಾಮಿ.”

“ಏನು ಮಾಡಿದ್ದು?”

“ಕಾರು.”

ಗುಮಾಸ್ತರು ಪಕ್ಕದ ಟೇಬಲ್ಲಿನವರ ಮುಖ ನೋಡಿದರು. ಇಬ್ಬರೂ ಊಟಕ್ಕೆ ಎದ್ದರು. ಆಗ ಗಂಟೆ ಹನ್ನೊಂದೂವರೆ.

ಊಟದಿಂದ ಬಂದ ಮೇಲೆ ಮನುಷ್ಯ ಮೆತ್ತಗಾಗಿದ್ದರು. ತಾತ್ಕಾಲಿಕ ನೋಂದಣಿ ಅಂತ ಒಂದಿದೆ, ಹಳದಿ ಪ್ಲೇಟಿನ ಮೇಲೆ ಕೆಂಪು ಅಕ್ಷರ, ಆದರೆ ಫಾರಂ 21 ಬೇಕು ಅಂದರು. ಫಾರಂ 21 ಅಂದರೆ ಮಾರಾಟದ ಪತ್ರ. “ನಿಮಗೆ ಇದನ್ನು ಮಾರಿದವರು ಯಾರು?” ಅಂಕಲ್ ಯೋಚಿಸಿದರು. ಫಾರಂ 22 ಕೂಡ ಬೇಕಂತೆ. ಅದು ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಕರು ಬರೆದುಕೊಡುವ ಪತ್ರ. “ಅದನ್ನು ನಾನೇ ಬರ್ಕೊಡ್ತೀನಿ” ಅಂತ ಅಂಕಲ್ ಪೆನ್ನು ತೆಗೆದರು. ಗುಮಾಸ್ತರು ಪೆನ್ನಿನ ಮೇಲೆ ಕೈ ಇಟ್ಟರು.

ಹಾಗಾದರೆ ಕಂಪನಿಯವರು ಹೊಸ ಕಾರನ್ನು ಹೇಗೆ ಓಡಿಸಿ ನೋಡುತ್ತಾರೆ? ಹೆದ್ದಾರಿಯಲ್ಲಿ ಮೈತುಂಬ ಕಪ್ಪು ಬಿಳಿ ಪಟ್ಟೆಯ ಸ್ಟಿಕರ್ ಹೊದ್ದ ಕಾರು ನೀವೂ ನೋಡಿರಬಹುದು. ಕಾನೂನಿನಲ್ಲಿ ಟ್ರೇಡ್ ಸರ್ಟಿಫಿಕೇಟು ಅಂತ ಒಂದು ಹಿಂಬಾಗಿಲಿದೆ. 41ನೇ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ: ಕಟ್ಟುವಾಗಲೂ, ಕಟ್ಟಿ ಮುಗಿದ ಮೇಲೂ ಪರೀಕ್ಷೆಗಾಗಿ ಓಡಿಸಬಹುದು. ಅಂದರೆ ಓಡಿಸಿ ನೋಡದೆ ಕಾರು ಕಟ್ಟಲು ಆಗದು ಅನ್ನುವುದು ಕಾನೂನಿಗೂ ಗೊತ್ತು! ಆದರೆ ಆ ಬಾಗಿಲು ತೆರೆಯುವುದು ಕಂಪನಿ, ಡೀಲರುಗಳಂಥವರಿಗೆ. ಶೆಡ್ಡು, ಒಬ್ಬ ಅಂಕಲ್ಲು, ಒಂದು ವೆಲ್ಡಿಂಗ್ ಮಷೀನು ಸೇರಿದರೆ ಕಂಪನಿ ಆಗುವುದಿಲ್ಲ.

ಇನ್ನು ಡಿಕ್ಕಿ ಪರೀಕ್ಷೆ. ನನಗೆ ಅತಿ ಇಷ್ಟವಾದದ್ದು ಇದೇ. ಹೊಸ ಮಾದರಿಯ ಕಾರನ್ನು ಗಂಟೆಗೆ 56 ಕಿ.ಮೀ. ವೇಗದಲ್ಲಿ ಒಂದು ತಡೆಗೆ ಗುದ್ದಿಸುತ್ತಾರೆ. ಲಕ್ಷ ಕಾರು ಮಾಡುವವರಿಗೆ ಒಂದೆರಡು ಜಜ್ಜಿಹೋದರೆ ಅಡ್ಡಿಯಿಲ್ಲ. ಅಂಕಲ್ ಮಾಡಿದ್ದು ಒಂದೇ. ಪಾಸಾದರೆ ಸರ್ಟಿಫಿಕೇಟು ಉಳಿಯುತ್ತದೆ, ಕಾರು ಶಿವಾಜಿನಗರಕ್ಕೆ ವಾಪಸ್ ಹೋಗುತ್ತದೆ. ಅಷ್ಟಕ್ಕೂ ಬೆಂಗಳೂರಿನಲ್ಲಿ 56ರ ವೇಗದಲ್ಲಿ ಗುದ್ದಬೇಕು ಅಂದರೆ ಜಾಗ ಎಲ್ಲಿದೆ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ನಗರದ ನಡುವೆ 10 ಕಿ.ಮೀ. ಹೋಗಲು ಸುಮಾರು 29 ನಿಮಿಷ. ಆ ಸ್ಪೀಡಿಗೆ ಸೋಫಾ ಸ್ಪಂಜೇ ಸಾಕು.

ಕಚೇರಿ ಹೊರಗೆ ಟೀ ಅಂಗಡಿ ಹತ್ತಿರ ಒಬ್ಬ ಬ್ರೋಕರು ಕಿವಿಗೆ ಬಂದ. “ಸಾರ್, ಹಳೇ ಮಾರುತಿ ಆರ್‌ಸಿ ಇದೆಯಾ? ಅದೇ ನಂಬರ್ ಹಾಕ್ಕೊಂಡು ಓಡಾಡಿ. ಮಾಡಿಫೈ ಅಂತ ಹೇಳಿ.” ಲಾಯರಿಗೆ ಫೋನ್ ಹಚ್ಚಿದೆವು. ತಯಾರಕರು ಕೊಟ್ಟ ಮೂಲ ವಿವರವನ್ನು ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ ₹5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆದರೂ ಆಯಿತು. ಅಂಕಲ್ ಬೆರಳು ಮಡಚಿ ಎಣಿಸತೊಡಗಿದರು. ಇಂಡಿಕೇಟರ್ ಹತ್ತಿರ ಬರುವಷ್ಟರಲ್ಲಿ ಮನೆಯ ಸೈಟು ಮಾರಬೇಕಾಗಿತ್ತು.

ಬ್ರಿಟನ್ನಿನಲ್ಲಿ ಶೆಡ್ಡಿನಲ್ಲಿ ಕಾರು ಕಟ್ಟಿದವರಿಗೆ ಐವಿಎ ಅಂತ ಒಂದೊಂದೇ ಗಾಡಿಯ ಪರೀಕ್ಷೆ ಇದೆ. ದಿನ ಗೊತ್ತುಮಾಡಿಕೊಂಡು, ವಿಮೆ ಮಾಡಿಸಿದರೆ, ನೋಂದಣಿಗೆ ಮುಂಚೆಯೇ ಆ ಕಾರನ್ನು ಪರೀಕ್ಷೆಯ ಜಾಗಕ್ಕೆ ತಾವೇ ಓಡಿಸಿಕೊಂಡು ಹೋಗಬಹುದು. ಇದನ್ನು ನಾನು ಅಂಕಲ್‌ಗೆ ಹೇಳಬಾರದಿತ್ತು. ಎರಡು ದಿನ ಮಾತು ಬಿಟ್ಟರು.

ನಾನು ಕಾನೂನಿನ ವಿರೋಧಿಯಲ್ಲ. ಯಾರೋ ಮನೆಯಲ್ಲಿ ಬೆಸೆದ ಬ್ರೇಕು ನಮ್ಮ ಮಕ್ಕಳು ಕ್ರಿಕೆಟ್ ಆಡುವ ಬೀದಿಗೆ ಬರುವುದು ನನಗೂ ಬೇಡ. ಪರೀಕ್ಷೆ ಆಗಲಿ. ಆದರೆ ಪರೀಕ್ಷೆ ಕಾರಿಗೆ ಮಾತ್ರ ಯಾಕೆ ಅನ್ನುವುದು ನನ್ನ ಹೊಟ್ಟೆಯುರಿ.

ಅಂಕಲ್ ಗೇಟಿನಿಂದ ಹತ್ತು ಹೆಜ್ಜೆಗೆ ಒಂದು ಹಂಪು ಇದೆ. ಅದೂ ಕೈಯಾರೆ ಮಾಡಿದ್ದೇ. ಪಕ್ಕದ ಬೀದಿಗೆ ಡಾಂಬರು ಹಾಕಲು ಬಂದ ಹುಡುಗರಿಗೆ ಮೂಲೆಮನೆಯವರು ಇನ್ನೂರು ರೂಪಾಯಿ, ಎರಡು ಟೀ ಕೊಟ್ಟು ರಾತ್ರೋರಾತ್ರಿ ಹಾಕಿಸಿದರು. ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಕಲ್ ಟೇಪು ಹಿಡಿದು ಅಳೆದರು. ಎತ್ತರ 19 ಸೆಂ.ಮೀ., ಅಗಲ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಇದಕ್ಕೆ ಫಾರಂ 22 ಯಾರು ಕೊಟ್ಟರು? ಇದರ ಡಿಕ್ಕಿ ಪರೀಕ್ಷೆ ದಿನಾ ನಡೆಯುತ್ತದೆ. ಗುದ್ದುವುದು ನಮ್ಮ ಬೆನ್ನುಮೂಳೆ.

ಕರಗದ ರಾತ್ರಿ ಬರುವ ಹೂವಿನ ಪಲ್ಲಕ್ಕಿಗಳನ್ನು ನೋಡಿ. ಗಾಡಿಯ ಮೇಲೆ ಎರಡು ಮಹಡಿ ಎತ್ತರಕ್ಕೆ ಕಟ್ಟಿ, ಎರಡೂ ಬದಿಗೆ ಚಾಚಿ, ಹಿಂದೆ ಜನರೇಟರ್ ನೇತುಹಾಕಿರುತ್ತಾರೆ. ಕೈಮುಗಿಯುತ್ತೇವೆ, ಆರ್‌ಸಿ ಕೇಳುವುದಿಲ್ಲ. ದೇವರಿದ್ದಾನೆ ಬಿಡಿ. ಆದರೆ ನಂಬರ್ ಪ್ಲೇಟಿಗೆ ಕೆಸರು ಬಳಿದುಕೊಂಡು, ನೀರು ಚೆಲ್ಲುತ್ತಾ ಬರುವ ಟ್ಯಾಂಕರಿನಲ್ಲಿ ಯಾವ ದೇವರಿದ್ದಾನೆ?

ಅಂಕಲ್ ಪೈಪು ತಂದ ಪೀಣ್ಯಕ್ಕೇ ಹೋಗೋಣ. ಅಲ್ಲಿನ ಮೇಲ್ಸೇತುವೆ 2010ರಲ್ಲಿ ತೆರೆಯಿತು. 2021ರ ಡಿಸೆಂಬರಿನಲ್ಲಿ ಕೇಬಲ್ ದೋಷ ಅಂತ ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಸಣ್ಣ ಗಾಡಿಗೆ ಮಾತ್ರ ಬಿಟ್ಟರು. ಭಾರಿ ಗಾಡಿ ಹತ್ತಲು 2024ರ ಜುಲೈವರೆಗೆ ಕಾಯಬೇಕಾಯಿತು. ಸೇತುವೆ ಸರಿ ಇದೆಯಾ ಅಂತ ಲಾರಿ ನಿಲ್ಲಿಸಿ ತೂಕದ ಪರೀಕ್ಷೆ ಮಾಡಿದರು. ಆ ಸುದ್ದಿ ಓದಿದ ದಿನ ಅಂಕಲ್ ಪೇಪರು ಹಿಡಿದು ನಮ್ಮ ಮನೆಗೇ ಬಂದರು. “ನೋಡಯ್ಯಾ, ಹನ್ನೊಂದು ವರ್ಷ ಓಡಿಸಿದ ಮೇಲೆ ಟೆಸ್ಟು. ನನಗೆ ಹನ್ನೊಂದು ನಿಮಿಷ ಕೊಡಲಿ ಸಾಕು.”

ಸದ್ಯಕ್ಕೆ ಅಂಕಲ್‌ಗೆ ಇರುವ ಟ್ರ್ಯಾಕ್ ಒಂದೇ, ಅವರ ಕಾಂಪೌಂಡು. ಇಂದೋರ್ ಹತ್ತಿರ ಪೀತಂಪುರದಲ್ಲಿ ಕಾರು ಪರೀಕ್ಷಿಸಲು 11.3 ಕಿ.ಮೀ. ಸುತ್ತಳತೆಯ ಟ್ರ್ಯಾಕ್ ಇದೆ. ಅಂಕಲ್‌ದು ಮೂವತ್ತು ನಲವತ್ತರ ಸೈಟು. ಶೆಡ್ಡಿನಿಂದ ಹೊರಟರೆ ಎರಡನೇ ಗೇರಿಗೆ ಹಾಕುವ ಮುಂಚೆ ತುಳಸಿಕಟ್ಟೆ ಬರುತ್ತದೆ. ಬ್ರೇಕಿನ ಪರೀಕ್ಷೆ ಅಲ್ಲೇ. “ತುಳಸಿಗೆ ತಗುಲಿಸಿದ್ರೆ ರಾತ್ರಿ ಊಟ ಇಲ್ಲ” ಅಂತ ಆಂಟಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಇಷ್ಟು ಕಟ್ಟುನಿಟ್ಟಾದ ಇನ್‌ಸ್ಪೆಕ್ಟರು ಪುಣೆಯಲ್ಲೂ ಸಿಗಲಿಕ್ಕಿಲ್ಲ.

ಹೋದ ಆಯುಧಪೂಜೆಗೆ ಕಾರಿಗೆ ಸೇವಂತಿಗೆ ಹಾರ, ಬಾನೆಟ್ಟಿಗೆ ಕುಂಕುಮ, ಬಾಳೆಕಂದು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಅಂಕಲ್ ಸೀಟು ಬೆಲ್ಟು ಹಾಕಿಕೊಂಡರು. ಕಾರು ಮೂರಡಿ ಮುಂದೆ ಬಂದು ನಿಂತಿತು. ಇಳಿದು, ಬಗ್ಗಿ ನಾಲ್ಕು ಚಕ್ರ ನೋಡಿ, ಜೇಬಿನಿಂದ ಲಾಗ್‌ಬುಕ್ ತೆಗೆದು ಬರೆದರು: “ಟೆಸ್ಟ್ ನಂಬರ್ 212. ದೂರ ಮೂರು ಅಡಿ. ನಿಂಬೆಹಣ್ಣು ನಾಲ್ಕಕ್ಕೆ ನಾಲ್ಕು. ತುಳಸಿ ಕ್ಷೇಮ.”